ಇಳಿಜಾರು ಮಾಡಿನ ಕೆಳಗೆ ರೆಡಿಮೇಡ್ ಕಪಾಟು: ಪದೇ ಪದೇ ಕೇಳುವ ಪ್ರಶ್ನೆಗಳು

ಅಡಿಕೆ, ತೆಂಗಿನಕಾಯಿ, ಮದುವೆ–ಮುಂಜಿಗೆ ಮಾತ್ರ ಇಳಿಸುತ್ತಿದ್ದ ದೊಡ್ಡ ಪಾತ್ರೆಗಳು ಇವುಗಳಿಗೆಂದೇ ಇದ್ದ ಹೆಂಚಿನ ಮನೆಯ ಉಪ್ಪರಿಗೆ ಈಗ ಕರಾವಳಿ ಮತ್ತು ಮಲೆನಾಡಿನ ಅನೇಕ ಕಡೆ ಮಲಗುವ ಕೋಣೆಯಾಗಿದೆ, ಮನೆಯಿಂದಲೇ ಕೆಲಸ ಮಾಡುವ ಮಕ್ಕಳ ಕಚೇರಿಯಾಗಿದೆ. ಅಲ್ಲಿ ಬಟ್ಟೆ, ಪುಸ್ತಕ ಇಡಲು ಪೇಟೆಯಿಂದ ರೆಡಿಮೇಡ್ ಕಪಾಟು ತಂದವರಿಗೆ ಎದುರಾಗುವ ಮೊದಲ ತೊಡಕೆಂದರೆ, ಕಪಾಟು ಚೌಕ, ಮಾಡು (ಅಂದರೆ ಚಾವಣಿ) ಓರೆ. ನಮ್ಮ ಮನೆಯ ಉಪ್ಪರಿಗೆಯಲ್ಲಿ ಮತ್ತು ನೆಂಟರಿಷ್ಟರ ಮನೆಗಳಲ್ಲಿ ಈ ಕೆಲಸ ಮಾಡುತ್ತಾ, ಮಾಡಿಸುತ್ತಾ ಕಲಿತದ್ದನ್ನು, ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಉತ್ತರವಾಗಿ ಇಲ್ಲಿ ಬರೆದಿದ್ದೇನೆ.

ಇಂಥ ಕೋಣೆಗೆ ರೆಡಿಮೇಡ್ ಕಪಾಟು ಹೊಂದುತ್ತದೆಯೇ, ಅಥವಾ ಆಚಾರಿಯಿಂದಲೇ ಮಾಡಿಸಬೇಕೇ?

ಹೊಂದುತ್ತದೆ. ಆದರೆ ಕಪಾಟನ್ನು ಓರೆ ಮಾಡಲು ಹೋಗಬಾರದು. ಚೌಕದ ಪೆಟ್ಟಿಗೆಗಳನ್ನು ಚೌಕವಾಗಿಯೇ ಉಳಿಸಿಕೊಂಡು, ಪೆಟ್ಟಿಗೆಗೂ ಮಾಡಿಗೂ ನಡುವೆ ಉಳಿಯುವ ತ್ರಿಕೋನದ ಜಾಗವನ್ನು ಬೇರೆಯೇ ಒಂದು ಹಲಗೆಯಿಂದ ಮುಚ್ಚುವುದು ನನ್ನ ಅನುಭವದಲ್ಲಿ ಕಡಿಮೆ ಖರ್ಚಿನ ಮತ್ತು ಹೆಚ್ಚು ಬಾಳಿಕೆಯ ದಾರಿ. ಆಚಾರಿಯ ಕೈಚಳಕ ಬೇಕಾಗುವುದು ಆ ಮುಚ್ಚುವ ಹಲಗೆಗೆ. ಒಂದು ದಿನದ ಕೆಲಸ. ಇಡೀ ಕಪಾಟನ್ನು ಸ್ಥಳದಲ್ಲೇ ಕಟ್ಟಿಸಿದರೆ ಮೂಲೆ ಮೂಲೆಯೂ ಬಳಕೆಗೆ ಸಿಗುತ್ತದೆಂಬುದು ನಿಜ. ಆದರೆ ಮಾಡಿಗೆ ಅಂಟಿಸಿ ಕಟ್ಟಿದ ಕಪಾಟನ್ನು ಮುಂದೆ ಮಾಡಿನ ರಿಪೇರಿಗೆಂದು ಸರಿಸಲು ಆಗುವುದಿಲ್ಲ, ಮತ್ತು ಹೆಂಚಿನ ಮಾಡಿಗೆ ರಿಪೇರಿ ಬಂದೇ ಬರುತ್ತದೆ.

ಮಾಡಿನ ಇಳಿಜಾರನ್ನು ಅಳೆಯುವುದು ಹೇಗೆ?

ಒಂದು ರಸಮಟ್ಟ, ಒಂದು ಟೇಪು ಮತ್ತು ಒಂದು ಮೀಟರ್ ಉದ್ದದ ನೇರವಾದ ರೀಪು, ಅಂದರೆ ಮರದ ಪಟ್ಟಿ, ಸಾಕು. ರೀಪಿನ ಒಂದು ತುದಿಯನ್ನು ಪಕಾಸಿಯ (ಹೆಂಚಿನ ಭಾರ ಹೊರುವ ಓರೆ ಮರದ) ಕೆಳಮೈಗೆ ತಾಗಿಸಿ, ರಸಮಟ್ಟದ ಗುಳ್ಳೆ ನಡುವೆ ನಿಲ್ಲುವಂತೆ ರೀಪನ್ನು ಕೋಣೆಯ ಒಳಮುಖವಾಗಿ ಅಡ್ಡಲಾಗಿ ಹಿಡಿದು, ಇನ್ನೊಂದು ತುದಿಯಿಂದ ಪಕಾಸಿಯವರೆಗೆ ನೇರ ಮೇಲಕ್ಕೆ ಎಷ್ಟಿದೆಯೆಂದು ಅಳೆಯಬೇಕು. ಈ ಏರಿಕೆ 466 ಮಿ.ಮೀ. ಬಂದರೆ ಇಳಿಜಾರು 25 ಡಿಗ್ರಿ. 577 ಬಂದರೆ 30 ಡಿಗ್ರಿ. 700 ಬಂದರೆ 35. ಸರಿಯಾಗಿ 1,000 ಬಂದರೆ 45. ಡಿಗ್ರಿಯ ಲೆಕ್ಕಕ್ಕಿಂತ ಮೀಟರಿಗೆ ಇಷ್ಟು ಏರಿಕೆ ಎಂಬ ಈ ಒಂದು ಸಂಖ್ಯೆಯೇ ಮುಂದಿನ ಎಲ್ಲ ಲೆಕ್ಕಕ್ಕೂ ಆಧಾರ. ಆದ್ದರಿಂದ ಅದನ್ನು ಗೋಡೆಯ ಮೇಲೆಯೇ ಪೆನ್ಸಿಲಿನಲ್ಲಿ ಬರೆದಿಡಿ.

ಒಂದೇ ಕಡೆ ಅಳೆದು ಬಿಡಬೇಡಿ. ಹಳೆಯ ಮಾಡು ನಡುವಿನಲ್ಲಿ ಸ್ವಲ್ಪ ಕುಗ್ಗಿರುತ್ತದೆ; ಪಕ್ಕಪಕ್ಕದ ಎರಡು ಪಕಾಸಿಗಳ ನಡುವೆಯೇ ಬೆರಳಿನಷ್ಟು ವ್ಯತ್ಯಾಸ ಕಂಡದ್ದುಂಟು. ಕಪಾಟು ನಿಲ್ಲುವ ಜಾಗದ ಎರಡು ತುದಿ ಮತ್ತು ನಡು, ಹೀಗೆ ಮೂರು ಕಡೆ ಅಳೆದು, ಅತಿ ತಗ್ಗಾದ ಅಳತೆಯನ್ನೇ ಲೆಕ್ಕಕ್ಕೆ ಹಿಡಿಯಬೇಕು. ಅಳತೆ ಪಕಾಸಿಯ ಕೆಳಮೈವರೆಗೆ ಇರಬೇಕೇ ಹೊರತು ಹೆಂಚಿನವರೆಗಲ್ಲ.

ಕಪಾಟನ್ನು ಯಾವ ಗೋಡೆಗೆ ಇಡುವುದು ಒಳ್ಳೆಯದು?

ಇಳಿಜಾರು ಕೋಣೆಯಲ್ಲಿ ಗೋಡೆ ಎರಡು ಬಗೆ. ಮಾಡು ಬಂದು ಇಳಿಯುವ ತಗ್ಗಿನ ಗೋಡೆ ಸೂರಿನ ಗೋಡೆ. ಮೇಲೆ ಚೂಪಾಗಿ, ಎರಡೂ ಕಡೆಗೆ ಇಳಿಯುವುದು ತ್ರಿಕೋನದ ಗೋಡೆ. ಎರಡರ ತೊಂದರೆಯೂ ಬೇರೆ, ಪರಿಹಾರವೂ ಬೇರೆ. ಎಲ್ಲ ಗೊಂದಲ ಹುಟ್ಟುವುದು ಇವೆರಡನ್ನು ಒಂದೇ ಎಂದುಕೊಂಡಾಗ.

ಸೂರಿನ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿದ ಕಪಾಟಿಗೆ ಮಾಡು ತಾಗುವುದು ಹಿಂಬದಿಯ ಮೇಲ್ತುದಿಯಲ್ಲಿ. ಮುಂಬದಿಯಲ್ಲಿ ಜಾಗ ಧಾರಾಳವಾಗಿರುತ್ತದೆ, ಬಾಗಿಲು ಯಾವ ತೊಡಕೂ ಇಲ್ಲದೆ ತೆರೆಯುತ್ತದೆ. ತ್ರಿಕೋನದ ಗೋಡೆಗೆ ನಿಲ್ಲಿಸಿದರೆ ಹಿಂದೆ ಮುಂದೆ ಎರಡೂ ಕಡೆ ಎತ್ತರ ಒಂದೇ. ಆದರೆ ಎಡದಿಂದ ಬಲಕ್ಕೆ ಎತ್ತರ ಬದಲಾಗುತ್ತಾ ಹೋಗುತ್ತದೆ. ತಗ್ಗು ಕಪಾಟುಗಳನ್ನು ಸೂರಿನ ಗೋಡೆಗೆ, ಎತ್ತರದ ಬಟ್ಟೆ ಕಪಾಟನ್ನು ತ್ರಿಕೋನದ ಗೋಡೆಯ ನಡುಭಾಗಕ್ಕೆ ಇಡುವುದು ನಾನು ಎಲ್ಲರಿಗೂ ಮೊದಲು ಹೇಳುವ ಸಲಹೆ.

ಸೂರಿನ ಗೋಡೆಗೆ ಎಷ್ಟು ಎತ್ತರದ ಕಪಾಟು ಹಿಡಿಸುತ್ತದೆ?

ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಳ್ಳೋಣ: ಒಳಗಿನಿಂದ ಸೂರಿನ ಗೋಡೆಯ ಎತ್ತರ 900 ಮಿ.ಮೀ., ಇಳಿಜಾರು 30 ಡಿಗ್ರಿ, ಕಪಾಟಿಗೂ ಪಕಾಸಿಗೂ ನಡುವೆ ಬಿಡುವ ಸಂದು 25 ಮಿ.ಮೀ. ಗೋಡೆಗೆ ತಾಗಿಸಿ ನಿಲ್ಲಿಸಿದರೆ ಕಪಾಟಿನ ಎತ್ತರ 875 ಮಿ.ಮೀ. ಮೀರುವಂತಿಲ್ಲ. ಅಂದರೆ ಅಡುಗೆಮನೆಯ ಕೆಳಸಾಲಿಗೆಂದು ಮಾರುವ 720 ಮಿ.ಮೀ. ಪೆಟ್ಟಿಗೆ, ಅದರ 100 ಮಿ.ಮೀ. ಕಾಲುಗಳ ಸಮೇತ, ಸಲೀಸಾಗಿ ಕೂರುತ್ತದೆ. ಮಲಗುವ ಕೋಣೆಗೂ ಇವೇ ಪೆಟ್ಟಿಗೆಗಳನ್ನು ತಂದು, ಮೇಲೆ ಒಂದೇ ಉದ್ದನೆಯ ಹಲಗೆ ಹಾಸಿದರೆ ಹಾಸಿಗೆ, ಹೊದಿಕೆ, ಮಕ್ಕಳ ಬಟ್ಟೆ ಎಲ್ಲಕ್ಕೂ ಆಗುತ್ತದೆ. ಇಂಥ ಜಾಗದಲ್ಲಿ ಕಪಾಟಿಗಿಂತ ಎಳೆಗೂಡು, ಅಂದರೆ ಡ್ರಾಯರ್, ಹೆಚ್ಚು ಉಪಯೋಗಕ್ಕೆ ಬರುತ್ತದೆ. ಸೂರಿನಡಿ ಬಗ್ಗಿ ಹಿಂದಿನ ಮೂಲೆಗೆ ಕೈ ಹಾಕುವ ಕಷ್ಟ ಹಿರಿಯರಿಗೆ ತಪ್ಪುತ್ತದೆ.

1,200 ಮಿ.ಮೀ. ಎತ್ತರದ ಕಪಾಟೇ ಬೇಕೆಂದರೆ ಅದರ ಬೆನ್ನು ಗೋಡೆಯಿಂದ ಸುಮಾರು 565 ಮಿ.ಮೀ. ಮುಂದಕ್ಕೆ ಬರಬೇಕು. 2,100 ಮಿ.ಮೀ. ಎತ್ತರದ ಬಟ್ಟೆ ಕಪಾಟಾದರೆ 2,120 ಮಿ.ಮೀ.ಗಿಂತಲೂ ಹೆಚ್ಚು ಮುಂದೆ, ಅಂದರೆ ಹೆಚ್ಚು ಕಡಿಮೆ ಕೋಣೆಯ ನಡುವೆ. ಆದ್ದರಿಂದಲೇ ಅದನ್ನು ಈ ಗೋಡೆಗೆ ತರುವ ಆಸೆ ಬಿಡಬೇಕು.

ಹಿಂಬದಿಯ ಮೇಲ್ಮೂಲೆಯನ್ನು ಕತ್ತರಿಸಿದರೆ ಆಗದೇ?

ಆಗುತ್ತದೆ, ಮತ್ತು ಕತ್ತರಿಸಲೇಬೇಕಾದ ಸಂದರ್ಭವಿದ್ದರೆ ಅದು ಇದೊಂದೇ. ಮೇಲಿನ ಉದಾಹರಣೆಯಲ್ಲೇ 450 ಮಿ.ಮೀ. ಆಳದ ಕಪಾಟಿನ ಎರಡು ಪಕ್ಕದ ಹಲಗೆಗಳನ್ನು ಮಾಡಿನ ಓರೆಗೆ ಸರಿಯಾಗಿ ಕೊಯ್ದರೆ, ಹಿಂದೆ 875 ಮಿ.ಮೀ. ಎತ್ತರವೇ ಉಳಿದರೂ ಮುಂದೆ ಸುಮಾರು 1,135 ಮಿ.ಮೀ.ವರೆಗೆ ಏರಬಹುದು. ಮುಂಬದಿಯ ಚೌಕ ಹಾಗೆಯೇ ಇರುವುದರಿಂದ ಬಾಗಿಲು, ಹಿಂಜ್, ಹಿಡಿ ಯಾವುದನ್ನೂ ಮುಟ್ಟಬೇಕಾಗಿಲ್ಲ. ಮೇಲಿನ ಹಲಗೆಯ ಅಗಲ ಕಡಿಮೆ ಮಾಡಿ, ಓರೆಯಾದ ಭಾಗಕ್ಕೆ ಇನ್ನೊಂದು ಹಲಗೆ ಹೊಡೆದರೆ ಮುಗಿಯಿತು.

ಕೊಯ್ಯುವ ಮೊದಲು ಎರಡು ಸಂಗತಿ ನೋಡಿಕೊಳ್ಳಿ. ಮೊದಲನೆಯದು, ಹಲಗೆಯ ಒಳಗೇನಿದೆ ಎಂಬುದು. ಅಗ್ಗದ ಕೆಲವು ಕಪಾಟುಗಳ ದಪ್ಪ ಹಲಗೆ ಒಳಗೆ ಟೊಳ್ಳಾಗಿದ್ದು, ಜೇನುಗೂಡಿನಂತೆ ಮಡಿಸಿದ ಕಾಗದ ಮಾತ್ರ ತುಂಬಿರುತ್ತದೆ. ಬೆರಳಿನಿಂದ ತಟ್ಟಿದರೆ ಡಬ್ಬಿಯ ಸದ್ದು ಬರುತ್ತದೆ. ಅದನ್ನು ಕೊಯ್ದರೆ ಸ್ಕ್ರೂ ಹಿಡಿಯಲು ಏನೂ ಉಳಿಯುವುದಿಲ್ಲ. ಎರಡನೆಯದು, ಕೊಯ್ದ ಅಂಚು. ಕಾರ್ಖಾನೆಯಲ್ಲಿ ಅಂಚಿಗೆ ಅಂಟಿಸಿದ ಪಟ್ಟಿಯೇ ಪಾರ್ಟಿಕಲ್ ಬೋರ್ಡಿನ, ಅಂದರೆ ಮರದ ಚೂರುಗಳನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆಯ, ರಕ್ಷಾಕವಚ. ಕೊಯ್ದ ಅಂಚನ್ನು ಬರಿದಾಗಿ ಬಿಟ್ಟರೆ ಒಂದೇ ಮಳೆಗಾಲದಲ್ಲಿ ಅದು ಹಾಲಿನಲ್ಲಿ ನೆನೆದ ಬಿಸ್ಕತ್ತಿನಂತೆ ಉಬ್ಬುತ್ತದೆ. ಅಂಚಿನ ಪಟ್ಟಿಯನ್ನು ಮತ್ತೆ ಅಂಟಿಸಬೇಕು, ಇಲ್ಲವೇ ಮರದ ಅಂಟನ್ನು ಎರಡು ಸಲ ಸವರಿ ಒಣಗಿಸಿ ಮೇಲೆ ಬಣ್ಣ ಹೊಡೆಯಬೇಕು.

ತ್ರಿಕೋನದ ಗೋಡೆಗೆ ಕಪಾಟುಗಳನ್ನು ಜೋಡಿಸುವ ಕ್ರಮವೇನು?

ಮೆಟ್ಟಿಲಿನಂತೆ ಜೋಡಿಸಬೇಕು. 30 ಡಿಗ್ರಿಯ ಮಾಡಿನ ಕೆಳಗೆ 600 ಮಿ.ಮೀ. ಅಗಲದ ಪ್ರತಿ ಪೆಟ್ಟಿಗೆಗೆ ಮಾಡು 346 ಮಿ.ಮೀ. ಏರುತ್ತದೆ. ಪ್ರತಿ ಪೆಟ್ಟಿಗೆಯ ಎತ್ತರವನ್ನು ನಿರ್ಧರಿಸುವುದು ಅದರ ತಗ್ಗಿನ ಬದಿ. 900 ಮಿ.ಮೀ. ಸೂರಿನ ಗೋಡೆಯಿಂದ ಹೊರಟರೆ, ಸಂದು ಕಳೆದು ಮೊದಲ ಪೆಟ್ಟಿಗೆಗೆ 875, ಎರಡನೆಯದಕ್ಕೆ ಸುಮಾರು 1,220, ಮೂರನೆಯದಕ್ಕೆ 1,565, ನಾಲ್ಕನೆಯದಕ್ಕೆ 1,910 ಮಿ.ಮೀ. ಸಿಗುತ್ತದೆ. ಅಂಗಡಿಯ ಪಟ್ಟಿಯಲ್ಲಿ ಸರಿಯಾಗಿ ಇದೇ ಎತ್ತರಗಳು ಇರುವುದಿಲ್ಲ; ಪ್ರತಿಯೊಂದಕ್ಕೂ ಅದಕ್ಕಿಂತ ಕೆಳಗಿನ ಸಿದ್ಧ ಅಳತೆಯನ್ನು ಆರಿಸಿ.

ಮೇಲೆ ಉಳಿಯುವ ಗರಗಸದ ಹಲ್ಲಿನಂಥ ತ್ರಿಕೋನಗಳನ್ನು ಮುಚ್ಚಲು ರಟ್ಟಿನ ಅಚ್ಚು ತೆಗೆಯುವುದು ಕಪಾಟಿನ ಕೆಲಸದಲ್ಲೇ ನನಗೆ ಅತ್ಯಂತ ಇಷ್ಟವಾದ ಭಾಗ. ಟಿವಿಯೋ ಫ್ರಿಜ್ಜೋ ಬಂದ ದೊಡ್ಡ ರಟ್ಟನ್ನು ಪೆಟ್ಟಿಗೆಗಳ ಮುಂಬದಿಗೆ ಹಿಡಿದು, ಮಾಡಿನ ಓರೆಗೆ ಅಂದಾಜಿನಲ್ಲಿ ಕತ್ತರಿಸಿ, ಎಲ್ಲಿ ಪಕಾಸಿ ಉಬ್ಬಿದೆ, ಎಲ್ಲಿ ಗಾರೆ ತಗ್ಗಿದೆ ಎಂದು ನೋಡುತ್ತಾ, ಕೈವಾರದ ಒಂದು ಕಾಲನ್ನು ಮಾಡಿನ ಮೇಲೆಯೇ ಎಳೆದರೆ ಇನ್ನೊಂದು ಕಾಲಿನ ಪೆನ್ಸಿಲು ರಟ್ಟಿನ ಮೇಲೆ ಅದೇ ಏರುಪೇರನ್ನು ಬರೆಯುತ್ತದೆ. ಆ ಗೆರೆಗೆ ರಟ್ಟನ್ನು ಕತ್ತರಿಸಿ, ಅದನ್ನು ಹಲಗೆಯ ಮೇಲಿಟ್ಟು ಗುರುತು ಹಾಕಿ ಕೊಯ್ದರೆ, ನೂರು ವರ್ಷದ ಡೊಂಕು ಮಾಡಿಗೂ ಹಲಗೆ ಒಪ್ಪವಾಗಿ ಕೂರುತ್ತದೆ. ಮೊದಲ ಸಲವೇ ಹಲಗೆಯ ಮೇಲೆ ಪ್ರಯೋಗ ಮಾಡಬೇಡಿ.

ಬಾಗಿಲು ತೆರೆಯುವಾಗ ಮಾಡಿಗೆ ತಾಗುತ್ತಿದೆ. ಏನು ತಪ್ಪಾಗಿರಬಹುದು?

ಹಿಂಜ್ ತಪ್ಪು ಬದಿಯಲ್ಲಿದೆ. ತ್ರಿಕೋನದ ಗೋಡೆಯ ಕಪಾಟಿಗೆ ಮಾಡಿನ ಓರೆಗೆ ಕೊಯ್ದ ಬಾಗಿಲು ಹಾಕಿದ್ದರೆ, ಹಿಂಜ್ ಯಾವಾಗಲೂ ಎತ್ತರದ ಬದಿಯಲ್ಲಿರಬೇಕು. ತಗ್ಗಿನ ಬದಿಯಲ್ಲಿ ಹಿಂಜ್ ಇದ್ದರೆ, ಬಾಗಿಲು ತಿರುಗುವಾಗ ಅದರ ಎತ್ತರದ ತುದಿ ಮಾಡು ತಗ್ಗಾಗಿರುವ ಕಡೆಗೆ ಬರುತ್ತದೆ ಮತ್ತು ಅರ್ಧ ತೆರೆಯುವ ಮೊದಲೇ ಪಕಾಸಿಗೆ ಬಡಿಯುತ್ತದೆ. ಕೈಯಲ್ಲಿ ಒಂದು ಕಾಗದವನ್ನು ಓರೆಯಾಗಿ ಕತ್ತರಿಸಿ ತಿರುಗಿಸಿ ನೋಡಿದರೆ ಇದು ತಕ್ಷಣ ಅರ್ಥವಾಗುತ್ತದೆ.

ಚೌಕದ ಬಾಗಿಲಿಗೆ ಈ ಬಾಧೆ ಕಡಿಮೆ. ಆದರೂ ಹಿಂಜ್ ತಗ್ಗಿನ ಬದಿಯಲ್ಲಿದ್ದು, ಬಾಗಿಲು 90 ಡಿಗ್ರಿ ಮೀರಿ ತೆರೆಯುವಂತಿದ್ದರೆ ತುದಿ ಇನ್ನೂ ತಗ್ಗಿನ ಕಡೆಗೆ ಸರಿದು ತಾಗುತ್ತದೆ. ಬಟ್ಟಲಿನಾಕಾರದ ಒಳಹಿಂಜುಗಳು ಸಾಮಾನ್ಯವಾಗಿ 95ರಿಂದ 110 ಡಿಗ್ರಿವರೆಗೆ ತೆರೆಯುತ್ತವೆ. ಅವುಗಳಿಗೆ ತೆರೆಯುವ ಮಿತಿಯನ್ನು ತಗ್ಗಿಸುವ ಸಣ್ಣ ಪ್ಲಾಸ್ಟಿಕ್ ತಡೆ ಸಿಗುತ್ತದೆ, ಅದನ್ನು ಸಿಕ್ಕಿಸಿದರೆ ಸಾಕು.

ಕಪಾಟಿನ ಎತ್ತರ ಮಾಡಿಗಿಂತ ಕಡಿಮೆಯೇ ಇದೆ, ಆದರೂ ನಿಲ್ಲಿಸಲು ಆಗುತ್ತಿಲ್ಲ. ಯಾಕೆ?

ಈ ತಪ್ಪನ್ನು ನಾನೇ ಮಾಡಿದ್ದೇನೆ. ಉಪ್ಪರಿಗೆಯ ನಡುಭಾಗದಲ್ಲಿ ಮುಚ್ಚಿಗೆಯ (ತಲೆಯ ಮೇಲಿನ ಹಲಗೆ ಹೊದಿಕೆಯ) ಎತ್ತರ 2,150 ಮಿ.ಮೀ. ಇತ್ತು, ತಂದ ಕಪಾಟು 2,100 ಎತ್ತರ, 600 ಆಳ. ಐವತ್ತು ಮಿ.ಮೀ. ಜಾಗ ಉಳಿಯುತ್ತದೆಂಬ ಧೈರ್ಯದಿಂದ, ಕೈಪಿಡಿಯಲ್ಲಿ ಹೇಳಿದಂತೆ ನೆಲದ ಮೇಲೆ ಮಲಗಿಸಿ ಪೂರ್ತಿ ಜೋಡಿಸಿದೆವು. ನಾಲ್ಕು ಜನ ಸೇರಿ ಎತ್ತಿದಾಗ, ಇನ್ನೇನು ನಿಂತಿತು ಎನ್ನುವಷ್ಟರಲ್ಲಿ ಮೇಲಿನ ಹಿಂದಿನ ಅಂಚು ಮುಚ್ಚಿಗೆಯ ಹಲಗೆಗೆ ಸಿಕ್ಕಿಕೊಂಡಿತು. ಮಲಗಿದ ಪೆಟ್ಟಿಗೆಯನ್ನು ಎತ್ತುವಾಗ ನಡುವೆ ಅದಕ್ಕೆ ಬೇಕಾಗುವುದು ಅದರ ಎತ್ತರದಷ್ಟು ಜಾಗವಲ್ಲ, ಕರ್ಣದಷ್ಟು ಜಾಗ. 2,100ಕ್ಕೆ 600 ಆಳವಾದರೆ ಕರ್ಣ 2,184 ಮಿ.ಮೀ. ಮೂವತ್ತನಾಲ್ಕು ಮಿ.ಮೀ. ಕೊರತೆಗೆ ಇಡೀ ಕಪಾಟನ್ನು ಬಿಚ್ಚಿ, ನಿಂತ ಸ್ಥಿತಿಯಲ್ಲೇ ಮತ್ತೆ ಜೋಡಿಸಬೇಕಾಯಿತು, ಮತ್ತು ಎರಡನೇ ಸಲ ತಿರುಗಿಸಿದ ಸ್ಕ್ರೂಗಳು ಪಾರ್ಟಿಕಲ್ ಬೋರ್ಡಿನಲ್ಲಿ ಮೊದಲಿನ ಬಿಗಿಗೆ ಬರಲೇ ಇಲ್ಲ.

ಕೊಳ್ಳುವ ಮೊದಲೇ ಎತ್ತರದ ವರ್ಗಕ್ಕೆ ಆಳದ ವರ್ಗ ಕೂಡಿಸಿ ವರ್ಗಮೂಲ ತೆಗೆದು ನೋಡಿ. ಜಾಗ ಸಾಲದಿದ್ದರೆ, ಕೆಳಗೆ 1,500 ಮತ್ತು ಮೇಲೆ 600 ಎಂಬಂತೆ ಎರಡು ಪೆಟ್ಟಿಗೆಯಾಗಿ ಬರುವ ಕಪಾಟನ್ನು ಆರಿಸಿ. ಉಪ್ಪರಿಗೆಗೆ ಹೋಗುವ ಇಕ್ಕಟ್ಟಿನ ಮರದ ಮೆಟ್ಟಿಲನ್ನೂ ಮರೆಯಬೇಡಿ. ಬಿಡಿ ಹಲಗೆಗಳಾಗಿ ಬರುವ ಕಪಾಟಿಗೆ ಅದು ಅಡ್ಡಿಯಲ್ಲ, ಜೋಡಿಸಿಯೇ ಕೊಡುವ ಕಪಾಟಿಗೆ ದೊಡ್ಡ ಅಡ್ಡಿ.

ಮಾಡಿಗೂ ಕಪಾಟಿಗೂ ನಡುವೆ ಸಂದು ಬಿಡಲೇಬೇಕೇ? ನೋಡಲು ಚೆನ್ನಾಗಿರುವುದಿಲ್ಲ.

ಬಿಡಲೇಬೇಕು. ಹೆಂಚಿನ ಮಾಡು ಸ್ಥಿರವಲ್ಲ. ಮಳೆಯಲ್ಲಿ ಹೆಂಚು ನೀರು ಹೀರಿ ತೂಕವಾಗುತ್ತದೆ, ಮರದ ಪಕಾಸಿ ತೇವಕ್ಕೆ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ, ಗಾಳಿಗೆ ಇಡೀ ಮಾಡು ಸಣ್ಣಗೆ ಅಲುಗುತ್ತದೆ. ಕಪಾಟು ಬಿಗಿಯಾಗಿ ತಾಗಿದ್ದರೆ ಆ ಭಾರ ಕಪಾಟಿನ ಮೇಲೆ ಇಳಿದು ಬಾಗಿಲು ಸಿಕ್ಕಿಕೊಳ್ಳಲು ಶುರುವಾಗುತ್ತದೆ. 20ರಿಂದ 25 ಮಿ.ಮೀ. ಸಂದು ಬಿಟ್ಟು, ಮುಚ್ಚುವ ಹಲಗೆಯನ್ನು ಕಪಾಟಿಗೆ ಮಾತ್ರ ಸ್ಕ್ರೂ ಮಾಡಿ, ಪಕಾಸಿಗೆ ಹೊಡೆಯಬೇಡಿ. ಇಲಿಯ ಕಾಟವಿದ್ದಲ್ಲಿ ಸಂದಿಗೆ ಒಳಗಿನಿಂದ ಸಣ್ಣ ಕಣ್ಣಿನ ಜಾಲರಿ ಹೊಡೆಯಬಹುದು, ಗಾಳಿಯೂ ಆಡುತ್ತದೆ.

ಗೋಡೆಯ ಕಡೆಗೂ ಹೀಗೆಯೇ ಕಪಾಟಿನ ಬೆನ್ನಿಗೆ ಒಂದು ಇಂಚಾದರೂ ಜಾಗ ಬೇಕು. ಆಗುಂಬೆಯಂಥ ಕಡೆ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಅಂಥ ನೆಲದಲ್ಲಿ ಗೋಡೆಗೆ ಅಂಟಿದ ಕಪಾಟಿನ ಬೆನ್ನಿಗೆ ಶ್ರಾವಣ ಬರುವ ಹೊತ್ತಿಗೆ ಬೂಷ್ಟು ಹಿಡಿದು, ಒಳಗಿನ ರೇಷ್ಮೆ ಸೀರೆಗೆ ವಾಸನೆ ಕಟ್ಟಿರುತ್ತದೆ.

ಮುರಕಲ್ಲಿನ ಗೋಡೆಯಲ್ಲಿ ಸ್ಕ್ರೂ ನಿಲ್ಲುತ್ತಿಲ್ಲ. ಏನು ಮಾಡಬೇಕು?

ಮುರಕಲ್ಲು, ಅಂದರೆ ಕೆಂಪುಕಲ್ಲು, ರಂಧ್ರಗಳಿಂದ ತುಂಬಿದ ಮೆದು ಕಲ್ಲು. ಕಪಾಟಿನ ಜೊತೆ ಬರುವ, ಸ್ಕ್ರೂ ಹಿಡಿಯಲೆಂದು ತೂತಿಗೆ ತೂರಿಸುವ ಗಿಡ್ಡ ಪ್ಲಾಸ್ಟಿಕ್ ಗುಳಿಗೆಗಳು ಅದರಲ್ಲಿ ಹಿಡಿಯುವುದಿಲ್ಲ. ಡ್ರಿಲ್ಲಿನ ಸುತ್ತಿಗೆ ಹೊಡೆತವನ್ನು ನಿಲ್ಲಿಸಿ ಬರೀ ತಿರುಗಿಸಿ ಕೊರೆಯಿರಿ, ತೂತು ಹಿಗ್ಗುವುದಿಲ್ಲ, 80–100 ಮಿ.ಮೀ. ಉದ್ದದ ನೈಲಾನ್ ಗುಳಿಗೆ ಬಳಸಿ. ನೇತು ಹಾಕುವ ಕಪಾಟಾದರೆ ಗೋಡೆಗುಂಟ ಉದ್ದನೆಯ ಮರದ ಪಟ್ಟಿಯೊಂದನ್ನು ಹಲವು ಕಡೆ ಬಿಗಿದು, ಕಪಾಟನ್ನು ಆ ಪಟ್ಟಿಗೆ ಹಿಡಿಸುವುದು ಕ್ಷೇಮ. ಮಣ್ಣಿನ ಗೋಡೆಯಾದರೆ ನೇತು ಹಾಕುವ ಯೋಚನೆಯೇ ಬೇಡ. ನೆಲದ ಮೇಲೆ ನಿಲ್ಲುವ ಎತ್ತರದ ಕಪಾಟನ್ನೂ ಗೋಡೆಗೆ ಕಟ್ಟಲೇಬೇಕು. ಎಳೆಗೂಡು ಹಿಡಿದು ಹತ್ತುವ ಮಗುವಿನ ಮೇಲೆ ಅದು ಮಗುಚಬಹುದು.

ಪಕಾಸಿಯಿಂದ ಕಪಾಟನ್ನು ತೂಗುಹಾಕಬಹುದೇ?

ಬೇಡ. ಪಕಾಸಿ ಹೆಂಚು ಹೊರಲು ಮಾಡಿದ್ದು.

ಓರೆಯಾಗಿ ಹಾಕಿದ ಕಾಂಕ್ರೀಟ್ ಮಾಡಿಗೂ ಇದೇ ನಿಯಮಗಳೇ?

ಅಳತೆ, ಕರ್ಣ, ಹಿಂಜಿನ ಮಾತು ಎಲ್ಲವೂ ಒಂದೇ. ಕಾಂಕ್ರೀಟು ಅಲುಗುವುದಿಲ್ಲವಾದ್ದರಿಂದ ಸಂದನ್ನು 10 ಮಿ.ಮೀ.ಗೆ ಇಳಿಸಬಹುದು. ಆದರೆ ಮುಚ್ಚುವ ಹಲಗೆಗೆಂದು ಸ್ಲ್ಯಾಬಿಗೆ ತೂತು ಕೊರೆಯಬೇಡಿ. ಒಳಗೆ ವಿದ್ಯುತ್ ಪೈಪು ಹರಿದಿರುತ್ತದೆ, ತೇವಕ್ಕೂ ದಾರಿಯಾಗುತ್ತದೆ. ತಾರಸಿಯ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ತಗಡು ಹೊದಿಸಿದ ಕೋಣೆಗಳಲ್ಲಿ ಬೇಸಿಗೆಯ ಮಧ್ಯಾಹ್ನದ ಬಿಸಿಗೆ ಅಂಚಿನ ಪಟ್ಟಿಯ ಅಂಟು ಸಡಿಲಾಗಿ ಏಳುತ್ತದೆ. ತಗಡಿನ ಕೆಳಗೆ ಬಿಸಿ ತಡೆಯುವ ಹೊದಿಕೆ ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ.

ಯಾವ ಹಲಗೆಯ ಕಪಾಟು ತರಬೇಕು?

ಮಳೆ ಹೆಚ್ಚಿರುವ ಊರಿನ ಉಪ್ಪರಿಗೆಗೆ ಪಾರ್ಟಿಕಲ್ ಬೋರ್ಡು ನನ್ನ ಮೆಚ್ಚಿನ ಆಯ್ಕೆಯಲ್ಲ. ಕೈಗೆಟುಕುವುದಾದರೆ ಪೆಟ್ಟಿಗೆಯಾದರೂ ಪ್ಲೈವುಡ್ಡಿನದಿರಲಿ. ಭಾರತೀಯ ಮಾನಕದ ಐಎಸ್ 710 ಎಂಬ ಗುರುತು ನೀರಿಗೆ ಚೆನ್ನಾಗಿ ತಡೆದುಕೊಳ್ಳುವ ಮೆರೈನ್ ಪ್ಲೈವುಡ್ಡಿನದು. ಐಎಸ್ 303 ಸಾಮಾನ್ಯ ಬಳಕೆಯದು. ಸೂರಿನ ಗೋಡೆಯ ಕಡೆಗೆ ಮೊದಲನೆಯದು, ಒಳಗೋಡೆಗೆ ಎರಡನೆಯದಾದರೂ ನಡೆಯುತ್ತದೆ. ಕಾಲುಗಳು ಮಾತ್ರ ಪ್ಲಾಸ್ಟಿಕ್ಕಿನವೇ ಇರಲಿ, ತಿರುಗಿಸಿ ಎತ್ತರ ಹೊಂದಿಸುವಂಥವು; ಉಪ್ಪರಿಗೆಯ ನೆಲ ಸಮವಾಗಿರುವುದು ಅಪರೂಪ.

ಮರದ ನೆಲ ಕಪಾಟಿನ ಭಾರ ತಡೆಯುತ್ತದೆಯೇ?

ಬಟ್ಟೆಗೆ ಸಾಮಾನ್ಯವಾಗಿ ತಡೆಯುತ್ತದೆ. ಪುಸ್ತಕಕ್ಕೆ ಎಚ್ಚರ ಬೇಕು: ಒಂದು ಮೀಟರ್ ಉದ್ದದ ಒಂದು ಸಾಲು ಪುಸ್ತಕವೇ 20–30 ಕೆ.ಜಿ. ತೂಗಬಹುದು. ಕಪಾಟಿನ ಉದ್ದ ತೊಲೆಗಳಿಗೆ ಅಡ್ಡಲಾಗಿ ಬರುವಂತೆ ಇಟ್ಟರೆ ಭಾರ ಹಲವು ತೊಲೆಗಳಿಗೆ ಹಂಚಿಹೋಗುತ್ತದೆ. ಗೆದ್ದಲು ಹಿಡಿದ ತೊಲೆಯಿದ್ದರೆ ಮೊದಲು ಅದರ ಚಿಕಿತ್ಸೆ.

ಅಡುಗೆಮನೆಯ ಕಪಾಟುಗಳನ್ನು ಸೂರಿನ ಗೋಡೆಗೆ ಹಾಕಬಹುದೇ?

ಕಪಾಟು ಕೂರುತ್ತದೆ, ಅಡುಗೆ ಮಾಡುವವರು ನಿಲ್ಲಲಾಗುವುದಿಲ್ಲ. ನಮ್ಮ ಉದಾಹರಣೆಯ ಕೋಣೆಯಲ್ಲಿ 600 ಮಿ.ಮೀ. ಕಟ್ಟೆಯ ಮುಂಭಾಗದಲ್ಲಿ ಮಾಡಿನ ಎತ್ತರ 1,250 ಮಿ.ಮೀ.ಗೂ ಕಡಿಮೆ. ಕಟ್ಟೆಯಿಂದ ಒಂದಡಿ ಹಿಂದೆ ನಿಂತವರ ತಲೆಯ ಮೇಲೆ 1,950 ಮಿ.ಮೀ. ಬೇಕೆಂದರೆ, ಅವರು ಸೂರಿನ ಗೋಡೆಯಿಂದ 1,820 ಮಿ.ಮೀ. ದೂರವಿರಬೇಕು, ಅಂದರೆ ಗೋಡೆಗೂ ಕಟ್ಟೆಗೂ ನಡುವೆ 900 ಮಿ.ಮೀ.ಗೂ ಹೆಚ್ಚು ಜಾಗ ಬಿಡಬೇಕು. ಒಲೆ ಮತ್ತು ಸಿಂಕನ್ನು ತ್ರಿಕೋನದ ಗೋಡೆಗೆ ಕೊಟ್ಟು, ಸೂರಿನ ಬದಿಯನ್ನು ದಿನಸಿ ಡಬ್ಬಗಳಿಗೆ ಬಿಡಿ. ದಿನಕ್ಕೆ ಮೂರು ಹೊತ್ತು ಅಲ್ಲಿ ನಿಲ್ಲುವವರ ಎತ್ತರವನ್ನು ಅಳೆಯದೆ ಅಡುಗೆಮನೆಯ ನಕ್ಷೆ ಬರೆಯಬಾರದು.

ಇನ್ನೊಂದು ಮಾತು. ಸೌದೆ ಒಲೆಯಿದ್ದ ಕಾಲದಲ್ಲಿ ಹೊಗೆಯೇ ಅಡುಗೆಮನೆಯ ಪಕಾಸಿಗಳನ್ನು ಹುಳುವಿನಿಂದ ಕಾಯುತ್ತಿತ್ತು. ಗ್ಯಾಸ್ ಬಂದ ಮೇಲೆ ಆ ಕಾವಲು ಹೋಯಿತು. ಕಪಾಟು ಹಾಕಿದ ನಂತರ ಕೈ ಎಟುಕದ ಪಕಾಸಿಗಳಿಗೆ ಮೊದಲೇ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಹಚ್ಚಿ ಚೆನ್ನಾಗಿ ಒಣಗಲು ಬಿಡಿ. ಅದು ತಾಗಿದರೆ ಚರ್ಮ ಬೊಬ್ಬೆ ಏಳುತ್ತದೆ, ಕೈಗವಸು ಹಾಕಿಕೊಳ್ಳಿ.

ಆಚಾರಿ ಇಂಚಿನಲ್ಲಿ ಹೇಳುತ್ತಾರೆ, ಅಂಗಡಿಯವರು ಮಿ.ಮೀ.ನಲ್ಲಿ. ಯಾವುದನ್ನು ನಂಬಬೇಕು?

ಮಿ.ಮೀ.ನಲ್ಲೇ ಅಳೆಯಿರಿ. ಒಂದು ಇಂಚು 25.4 ಮಿ.ಮೀ.; ಬಾಯಿಲೆಕ್ಕದಲ್ಲಿ 25 ಎಂದು ಹಿಡಿದರೆ ಏಳು ಅಡಿಗೆ 33 ಮಿ.ಮೀ.ಗೂ ಹೆಚ್ಚು ವ್ಯತ್ಯಾಸ ಬರುತ್ತದೆ, ನಾವು ಬಿಟ್ಟ ಸಂದೆಲ್ಲ ಅದರಲ್ಲೇ ಹೋಗುತ್ತದೆ.

ಕಪಾಟು ಹಾಕಿಸಲು ಯಾವ ಕಾಲ ಒಳ್ಳೆಯದು? ಆಮೇಲೆ ಹೆಂಚು ತೆಗೆಸಬೇಕಾದರೆ?

1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಂದಿನಿಂದ ಈ ಸೀಮೆಯ ಮನೆಗಳ ತಲೆಯ ಮೇಲೆ ಕೂತಿರುವ ಹೆಂಚು ಒಂದರ ಮೇಲೊಂದು ಸಿಕ್ಕಿಸಿದ್ದೇ ಹೊರತು ಅಂಟಿಸಿದ್ದಲ್ಲ. ಮಂಗ ಹಾರಿದರೆ ಜಾರುತ್ತದೆ, ತೆಂಗಿನ ಗರಿ ಬಿದ್ದರೆ ಒಡೆಯುತ್ತದೆ. ಹಾಗಾಗಿ ಮೊದಲು ಒಂದು ಮಳೆಗಾಲ ಪೂರ್ತಿ ಆ ಕೋಣೆಯನ್ನು ಗಮನಿಸಿ, ಎಲ್ಲೆಲ್ಲಿ ಸೋರುತ್ತದೆಂದು ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿಡಿ. ಬೇಸಿಗೆಯಲ್ಲಿ ಹೆಂಚು ಕೈಯಾಡಿಸಿ, ಒಡೆದದ್ದನ್ನು ಬದಲಿಸಿ, ಏಪ್ರಿಲ್ ಒಳಗೆ ಕಪಾಟು ಹಾಕಿಸಿ. ಮಳೆಗಾಲದಲ್ಲಿ ಜೋಡಿಸಿದ ಹಲಗೆ ತೇವ ಹೀರಿಕೊಂಡೇ ಬಿಗಿಯಾಗಿರುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಗಿಲಿನ ಸಾಲು ತಪ್ಪುತ್ತದೆ.

ಹೆಂಚನ್ನು ಹೊರಗಿನಿಂದ ತೆಗೆಯುವುದಾದರೂ, ಹೆಂಚು ಕೂರುವ ರೀಪು ಬದಲಿಸುವಾಗ ಒಳಗಿನಿಂದ ಕೈ ಬೇಕಾಗುತ್ತದೆ. ಮೇಲಿನ ತ್ರಿಕೋನದ ಹಲಗೆಗಳನ್ನು ಅಂಟಿನಿಂದ ಕೂರಿಸದೆ ತಲಾ ನಾಲ್ಕು ಸ್ಕ್ರೂಗಳಿಂದ ಮಾತ್ರ ಹಿಡಿಸಿ, ಪ್ರತಿ ಹಲಗೆಯ ಹಿಂಬದಿಯಲ್ಲಿ ಅದು ಯಾವ ಪೆಟ್ಟಿಗೆಯ ಮೇಲಿನದೆಂದು ಸಂಖ್ಯೆ ಬರೆದಿಡಿ. ನಮ್ಮ ಮನೆಯಲ್ಲಿ ಹೋದ ವರ್ಷ ಎರಡು ರೀಪು ಬದಲಿಸಲು ಬಂದ ಆಚಾರಿ ಐದು ಹಲಗೆಗಳನ್ನು ಹತ್ತು ನಿಮಿಷದಲ್ಲಿ ಇಳಿಸಿ, ಸಂಜೆ ಅದೇ ಸಂಖ್ಯೆ ನೋಡಿ ತಿರುಗಿ ಕೂರಿಸಿ ಹೋದರು. ಕಪಾಟಿನೊಳಗಿನ ಬಟ್ಟೆಯನ್ನು ಹೊರಗೆ ತೆಗೆಯಬೇಕಾಗಲಿಲ್ಲ.